ಯಾವ ಪುಸ್ತಕದಲ್ಲಿದೆ, ತೋರಿಸಿ

ಬ್ರಿಟನ್ನಿನ ಸಂವಿಧಾನ ಬರೆದದ್ದಲ್ಲ ಅನ್ನುತ್ತಾರೆ. ಬರೆದದ್ದು ಬೇಕಾದಷ್ಟಿದೆ, ಬೈಂಡ್ ಮಾಡಿಸಿದವರಿಲ್ಲ ಅಷ್ಟೆ.

1762ರಲ್ಲಿ ದೊರೆಯ ದೂತರು ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನುಗ್ಗಿದರು. ನಾಲ್ಕು ಗಂಟೆ ಕಾಲ ಬೀಗ ಒಡೆದು, ಪೆಟ್ಟಿಗೆ ಕೆದಕಿ, ಕಾಗದಪತ್ರ ಹೊತ್ತೊಯ್ದರು. ಅವರ ಕೈಯಲ್ಲಿ ಮಂತ್ರಿಯ ವಾರಂಟು ಇತ್ತು. 1765ರಲ್ಲಿ ನ್ಯಾಯಾಧೀಶ ಲಾರ್ಡ್ ಕ್ಯಾಮ್ಡೆನ್ ಕೇಳಿದ್ದು ಇಷ್ಟೇ: ಇಂಥ ವಾರಂಟು ಹೊರಡಿಸುವ ಅಧಿಕಾರ ಮಂತ್ರಿಗಿದೆಯೆಂದು ಯಾವ ಪುಸ್ತಕ ಹೇಳುತ್ತದೆ? ಯಾವುದೂ ಹೇಳುತ್ತಿರಲಿಲ್ಲ. ರಾಜ್ಯಕ್ಕೆ ಅಗತ್ಯವಿತ್ತು ಎಂಬ ಸಮಜಾಯಿಷಿಯೂ ನಡೆಯಲಿಲ್ಲ.

ಪ್ರಜೆ ಮಾಡಿದ್ದು ತಪ್ಪೆಂದು ಸರ್ಕಾರ ತೋರಿಸಬೇಕು. ಸರ್ಕಾರ ಮಾಡಿದ್ದು ಸರಿಯೆಂದೂ ಸರ್ಕಾರವೇ ತೋರಿಸಬೇಕು.

ರಾಣಿ ಆನ್ 1708ರಲ್ಲಿ ಒಂದು ಮಸೂದೆಗೆ ಅಂಕಿತ ಕೊಡಲಿಲ್ಲ. ಆಮೇಲೆ ಯಾವ ದೊರೆಯೂ ನಿರಾಕರಿಸಿಲ್ಲ. ನಿರಾಕರಿಸಕೂಡದೆಂಬ ಕಾನೂನೂ ಇಲ್ಲ. ಅರಮನೆಯ ಕತ್ತಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಒರೆಯಲ್ಲೇ ತುಕ್ಕು ಹಿಡಿಯಿತು.

ಸಂಪ್ರದಾಯಕ್ಕೆ ನಾಚಿಕೆಯೇ ಕಾವಲು. ನಾಚದವನು ಬಂದ ದಿನ ಕೋರ್ಟಿಗೆ ಹೋಗಬೇಕಾಗುತ್ತದೆ.

2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರಗಳಿಗೆ ಸಂಸತ್ತಿನ ಬಾಗಿಲು ಹಾಕಿಸಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ, ಆ ಆದೇಶ ಬರಿಯ ಬಿಳಿ ಹಾಳೆ ಎಂದರು. ಅಂದರೆ ಬಾಗಿಲು ಹಾಕಿಯೇ ಇರಲಿಲ್ಲ! ಮರುದಿನ ಸದಸ್ಯರು ಬಂದು ಕೂತರು. ತೀರ್ಪಿಗಿಂತ ಅದನ್ನು ಓದಿದ ನ್ಯಾಯಮೂರ್ತಿ ಲೇಡಿ ಹೇಲ್ ಧರಿಸಿದ್ದ ಜೇಡದ ಬ್ರೋಚೇ ಹಲವರಿಗೆ ನೆನಪು. ಇರಲಿ, ನೆನಪು ತೂಗುಹಾಕಲು ಒಂದು ಮೊಳೆ ಬೇಕಲ್ಲ.

ಕೋರ್ಟು ಗೆದ್ದಿತೆಂದು ಹಿಗ್ಗುವವರು ಬರ್ಮಾ ಆಯಿಲ್ ಕಥೆ ಕೇಳಬೇಕು. ಜಪಾನೀಯರ ಕೈಗೆ ಸಿಗದಿರಲೆಂದು 1942ರಲ್ಲಿ ಆ ಕಂಪನಿಯ ತೈಲ ಸ್ಥಾವರಗಳನ್ನು ಬ್ರಿಟಿಷ್ ಸೇನೆಯೇ ನಾಶ ಮಾಡಿತ್ತು. ಪರಿಹಾರ ಕೊಡಬೇಕೆಂದು ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. 1965ರಲ್ಲಿ ಸಂಸತ್ತು ಹೊಸ ಕಾಯ್ದೆ ತಂದು, ಅದನ್ನು ಹಿಂದಿನ ಕಾಲಕ್ಕೂ ಅನ್ವಯಿಸಿ, ಕೈಗೆ ಬಂದ ತುತ್ತನ್ನು ಕಸಿಯಿತು. ಪುಸ್ತಕ ತೋರಿಸೆಂದರೆ ಹೊಸ ಪುಟವನ್ನೇ ಅಂಟಿಸುವವರೂ ಇದ್ದಾರೆ.

  

ಯುದ್ಧಕಾಲದ ನಿಯಮವೊಂದು, ಸಕಾರಣವಿದ್ದರೆ ಗೃಹಮಂತ್ರಿ ಯಾರನ್ನಾದರೂ ಬಂಧಿಸಬಹುದು ಎಂದಿತ್ತು. ಕಾರಣವಿದೆಯೆಂದು ಮಂತ್ರಿಗೆ ಅನ್ನಿಸಿದರೆ ಸಾಕೇ? 1941ರ ಲಿವರ್ಸಿಡ್ಜ್ ಪ್ರಕರಣದಲ್ಲಿ ನಾಲ್ವರು ಸಾಕೆಂದರು. ಸಾಲದು ಎಂದವರು ಲಾರ್ಡ್ ಆಟ್ಕಿನ್ ಒಬ್ಬರೇ. ಆಗಿದೆ ಮತ್ತು ಅನ್ನಿಸಿದೆ, ಈ ಎರಡು ಮಾತಿನ ನಡುವೆ ಒಂದು ಸೆರೆಮನೆ ಹಿಡಿಸುತ್ತದೆ.

ಕೆಟ್ಟ ತೀರ್ಪಿಗೆ ಪಾಸ್‌ಪೋರ್ಟು ಬೇಡ. ಆ ನಾಲ್ವರ ಮಾತು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ವಿಚಾರಣೆಯಿಲ್ಲದೆ ಬಂಧಿತರಾದವರ ಜಬಲ್‌ಪುರ ಪ್ರಕರಣದಲ್ಲಿ ದೆಹಲಿಗೂ ಬಂತು. ಅಲ್ಲೂ ನಾಲ್ವರು ಸರ್ಕಾರದ ಕಡೆ. ನ್ಯಾಯಮೂರ್ತಿ ಖನ್ನಾ ಒಬ್ಬರೇ ಎದುರು. ಲಿವರ್ಸಿಡ್ಜ್ ತಪ್ಪೆಂದು ಲಂಡನ್ನಿನ ಲಾರ್ಡ್ಸ್ ಒಪ್ಪಲು 1979 ಆಗಬೇಕಾಯಿತು. ಜಬಲ್‌ಪುರದ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ್ದ ದಾವೆಯಲ್ಲಿ.