ಒತ್ತದ ಕೈ, ಹತ್ತಿದ ಸ್ವರ

ಸ್ಲೈಡ್ ಗಿಟಾರಿನಲ್ಲಿ ಒಳ್ಳೆಯ ನಾದ ಹುಟ್ಟುವುದು ಎಲ್ಲಿಂದ? ತಂತಿಯಿಂದಲೋ, ಮರದಿಂದಲೋ, ಕೈಯಲ್ಲಿ ಹಿಡಿದ ಉಕ್ಕಿನ ಸ್ಲೈಡಿನಿಂದಲೋ? ಕಲಿಯುವವರು ಒಂದೊಂದಾಗಿ ಎಲ್ಲವನ್ನೂ ಬದಲಿಸಿ ನೋಡುತ್ತಾರೆ. ದಪ್ಪ ತಂತಿ ಹಾಕಿದರೆ ದನಿ ತುಂಬಿಕೊಳ್ಳುವುದು ನಿಜ. ಸ್ಲೈಡ್ ತೂಕದ್ದಾದರೆ ನಾದ ಹೆಚ್ಚು ಹೊತ್ತು ನಿಲ್ಲುವುದೂ ನಿಜ. ಆದರೂ ಅದೇ ಗಿಟಾರು ಇಬ್ಬರ ಕೈಯಲ್ಲಿ ಎರಡು ಬಗೆಯಾಗಿ ನುಡಿಯುತ್ತದೆ.

ಸಾಮಾನ್ಯ ಗಿಟಾರಿನಲ್ಲಿ ಬೆರಳು ತಂತಿಯನ್ನು ಅದುಮುತ್ತದೆ. ಸ್ವರದ ಜಾಗವನ್ನು ವಾದ್ಯ ಮಾಡಿದವನೇ ಫ್ರೆಟ್ ಎಂಬ ಮೆಟ್ಟಿಲು ಕೂರಿಸಿ ಗೊತ್ತು ಮಾಡಿರುತ್ತಾನೆ. ಸ್ಲೈಡಿನಲ್ಲಿ ಅದುಮುವಂತಿಲ್ಲ. ಅದುಮಿದರೆ ತಂತಿ ಬಗ್ಗಿ ಶ್ರುತಿ ಏರುತ್ತದೆ. ತಂತಿ ಎತ್ತರದಲ್ಲಿ ಇಲ್ಲದಿದ್ದರೆ ಫ್ರೆಟ್ಟಿಗೆ ಬಡಿದು ಕಟಕಟ ಎನ್ನುತ್ತದೆ. ತೀರಾ ಹಗುರ ಮಾಡಿದರೆ ಗರಗರ ಸದ್ದು. ಸ್ಲೈಡ್ ತನ್ನ ಭಾರದಿಂದಲೇ ತಂತಿಯ ಮೇಲೆ ಕೂತಿರಬೇಕು, ಕೈ ಅದಕ್ಕೆ ದಾರಿ ತೋರಿಸಬೇಕು, ಅಷ್ಟೆ. ಇನ್ನೊಂದು ಕೆಲಸ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಮಿಡಿದಾಗ ಸ್ಲೈಡಿನ ಹಿಂದೆ ಉಳಿದ ತಂತಿಯ ತುಂಡೂ ನಡುಗುತ್ತದೆ. ಅದರ ದನಿಗೂ ರಾಗಕ್ಕೂ ಸಂಬಂಧವಿಲ್ಲ. ಹಿಂದಿನ ಬೆರಳುಗಳನ್ನು ಮೆಲ್ಲಗೆ ತಾಗಿಸಿ ಅದನ್ನು ಸುಮ್ಮನಾಗಿಸಬೇಕು. ನಾವು ಮೆಚ್ಚುವ ನಾದದಲ್ಲಿ ಅರ್ಧ ಪಾಲು ಹೀಗೆ ತಡೆದದ್ದರಿಂದಲೇ ಬಂದದ್ದು.

ಹವಾಯಿಯ ಜೋಸೆಫ್ ಕೆಕುಕು 19ನೆಯ ಶತಮಾನದ ಕೊನೆಗೆ ಉಕ್ಕಿನ ತುಂಡಿನಿಂದ ಗಿಟಾರ್ ನುಡಿಸುವುದನ್ನು ರೂಢಿಗೆ ತಂದರು. ನಮ್ಮಲ್ಲೂ ಮೆಟ್ಟಿಲುಗಳಿಲ್ಲದ ವಿಚಿತ್ರವೀಣೆ, ಗೋಟುವಾದ್ಯಗಳ ದಾರಿ ಇತ್ತು. ಹಾಗಾಗಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರಿನಲ್ಲಿ ರಾಗ ನುಡಿಸಿದಾಗ ನಮ್ಮ ಕಿವಿಗೆ ಅದು ಪರಕೀಯ ಅನಿಸಲಿಲ್ಲ. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆ 1967ರಲ್ಲಿ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯನ್ನು ಇವತ್ತೂ ಕೇಳಬಹುದು.

ನನ್ನನ್ನು ಹೆಚ್ಚು ಕಾಡುವುದು ಕಣ್ಣಿನ ವಿಚಾರ. ಗಿಟಾರಿನಲ್ಲಿ ಫ್ರೆಟ್ಟಿನ ಗೆರೆ ಎದ್ದು ಕಾಣುತ್ತದೆ; ಸ್ಲೈಡ್ ನೇರವಾಗಿ ಅದರ ಮೇಲೆ ಬರಬೇಕು. ಓರೆಯಾಗಿ ನೋಡಿದರೆ ಕೂದಲೆಳೆಯಷ್ಟು ತಪ್ಪುತ್ತದೆ, ಸ್ವರ ಅಷ್ಟಕ್ಕೇ ಜಾರುತ್ತದೆ. ದರ್ಬಾರಿ ಕಾನಡದ ಆಂದೋಲಿತ ಗಾಂಧಾರವಂತೂ ಯಾವ ಗೆರೆಯ ಮೇಲೂ ಕೂರುವುದಲ್ಲ. ಅದನ್ನು ಕಿವಿಯೇ ಹುಡುಕಬೇಕು. ಮೋಟೆಬೆನ್ನೂರಿನವನಾಗಿ ಇದನ್ನು ಬರೆಯುವಾಗ ನಮ್ಮ ಹಾವೇರಿ ಜಿಲ್ಲೆಯ ಇಬ್ಬರು ಗವಾಯಿಗಳು ನೆನಪಾಗುತ್ತಾರೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು, ಹಾವೇರಿ ಪಕ್ಕದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜರು ಹಾರ್ಮೋನಿಯಂ, ತಬಲಾ ಜೊತೆಗೆ ಮೆಟ್ಟಿಲುಗಳಿಲ್ಲದ ಪಿಟೀಲು, ಸಾರಂಗಿಗಳನ್ನೂ ನುಡಿಸಿದವರು. ಇವರು ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸ್ವರದ ಮನೆಯನ್ನು ಕಿವಿಯಿಂದಲೇ ಹಿಡಿದರು. ನೋಟ ನೆರವಾಗುವುದು ಕಲಿಕೆಯ ಮೊದಲ ಹಂತದಲ್ಲಿ ಮಾತ್ರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜಾರುವ ವಾದ್ಯ ಇನ್ನೊಂದು ಪರೀಕ್ಷೆಯನ್ನೂ ಒಡ್ಡುತ್ತದೆ. ಸ್ವರ ಹತ್ತದಿದ್ದಾಗ ಕೈ ತಾನಾಗಿ ಸ್ಲೈಡನ್ನು ಅಲುಗಿಸಲು ತೊಡಗುತ್ತದೆ. ಅಲುಗಾಟದಲ್ಲಿ ತಪ್ಪು ಮುಚ್ಚಿಹೋಗುತ್ತದೆ, ಕೇಳುವವರು ಭಾವ ತುಂಬಿದೆ ಎಂದುಕೊಳ್ಳುತ್ತಾರೆ. ಅಲುಗಿಸುವುದೇ ತಪ್ಪು ಎಂದಲ್ಲ. ಮೊದಲು ಸ್ವರದ ಮೇಲೆ ಅಲುಗದೆ ನಿಂತು, ಆಮೇಲೆ ಬೇಕೆನಿಸಿದರೆ ಅಲುಗಿಸಿದಾಗ ಅದು ಶೃಂಗಾರ. ನಿಲ್ಲಲಾರದೆ ಅಲುಗಿಸಿದರೆ ಅದು ಮರೆಮಾಚುವಿಕೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಬೆಳೆಸಿದ ಕಿರಾಣಾ ಗಾಯನದಲ್ಲಿ ಒಂದೊಂದು ಸ್ವರವನ್ನೂ ಹಚ್ಚಿ, ನಿಲ್ಲಿಸಿ, ತಾಳ್ಮೆಯಿಂದ ಮುಂದಿನದಕ್ಕೆ ಹೋಗುವ ಕ್ರಮವಿದೆ. ಸ್ಲೈಡಿನ ನಾದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಗಂಟಲಿಗೂ ಫ್ರೆಟ್ ಇಲ್ಲವಲ್ಲ.

ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಹುಡುಗ ಹುಡುಗಿಯರು ಈ ವಾದ್ಯ ಕೈಗೆತ್ತಿಕೊಂಡರೆ ಒಂದು ಕೇಳಿಕೆ. ದುಬಾರಿ ಆಂಪ್ಲಿಫೈಯರಿಗೆ ದುಡ್ಡು ಹಾಕುವ ಮೊದಲು ತಂಬೂರಿ ಹಚ್ಚಿಕೊಂಡು, ಕಣ್ಣು ಮುಚ್ಚಿ, ಷಡ್ಜದಿಂದ ಪಂಚಮಕ್ಕೆ ಸ್ಲೈಡನ್ನು ನಿಧಾನವಾಗಿ ಒಯ್ಯಿರಿ. ಪಂಚಮ ತಂಬೂರಿಯೊಂದಿಗೆ ಬೆರೆಯುವ ತನಕ ಬೇರೆ ಸ್ವರಕ್ಕೆ ಹೋಗಬೇಡಿ.