ಪುಸ್ತಕವನ್ನು ಯಾವಾಗ ಮುಚ್ಚಬೇಕು?

ಪುಸ್ತಕ ಕೈಯಲ್ಲಿರುತ್ತದೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿರುತ್ತದೆ. ಪುಟ ತಿರುವಿದ ಮೇಲೆ ತಿಳಿಯುತ್ತದೆ, ಮನಸ್ಸು ಇಷ್ಟು ಹೊತ್ತೂ ಮಗನ ಶಾಲೆಯ ಫೀಸಿನ ಬಳಿಯೋ ನಾದಿನಿ ನಿನ್ನೆ ಆಡಿದ ಮಾತಿನ ಬಳಿಯೋ ಇತ್ತೆಂದು. ಮತ್ತೆ ಪುಟದ ಮೇಲಿನಿಂದ ಆರಂಭಿಸುತ್ತೇವೆ. ಹೀಗೆ ಎರಡು ಮೂರು ಸಲವಾದ ಮೇಲೆ ಪುಸ್ತಕ ಪಕ್ಕಕ್ಕೆ ಸರಿದು ಮೊಬೈಲು ಕೈಗೆ ಬರುತ್ತದೆ. "ಈಗಿನ ಕಾಲದಲ್ಲಿ ಏಕಾಗ್ರತೆ ಎಲ್ಲಿ ಬರಬೇಕು?" ಎಂದು ಕಾಲವನ್ನು ದೂರುತ್ತೇವೆ. ಮೊಬೈಲಿನದೇನೂ ತಪ್ಪಿಲ್ಲ ಎಂದು ಯಾರೂ ಹೇಳಲಾರರು. ಆದರೆ ಮೊಬೈಲು ಹುಟ್ಟುವ ಮೊದಲೂ ಸಂತರ ಚರಿತ್ರೆಗಳನ್ನು ಕಪಾಟುಗಟ್ಟಲೆ ಓದಿ, ನೆರೆಯವರೊಡನೆ ಇದ್ದ ಬೇಲಿ ಜಗಳದಲ್ಲಿ ಒಂದು ಗೇಣನ್ನೂ ಬಿಟ್ಟುಕೊಡದವರು ಇದ್ದರು. ಅವರಿಗೆ ಏಕಾಗ್ರತೆಯ ಕೊರತೆ ಇರಲಿಲ್ಲ. ಹಾಗಾದರೆ ಓದಿನಿಂದ ಪ್ರಯೋಜನ ಪಡೆಯುವುದು ಎಂದರೇನು?

ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ಎರಡು ಉತ್ತರಗಳು ಸಿಗುತ್ತವೆ. ಮೊದಲ ನೋಟಕ್ಕೆ ಅವು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ.

ಮೊದಲನೆಯದು ಸಂತ ಅಗಸ್ಟೀನರದು. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ, 31 ವರ್ಷದ ಆ ಅಧ್ಯಾಪಕರು ಹಳೆಯ ಜೀವನವನ್ನು ಬಿಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಅಳುತ್ತಿದ್ದರು. ನೆರೆಮನೆಯ ಕಡೆಯಿಂದ ಮಗುವಿನ ದನಿಯೊಂದು ಕೇಳಿಸಿತು. ಪುಸ್ತಕ ತೆಗೆದುಕೊಂಡು ಓದು ಎಂದು ಅದು ಹಾಡಿನ ಹಾಗೆ ಹೇಳುತ್ತಿತ್ತು. ಅವರು ಸಂತ ಪೌಲರ ಪತ್ರಗಳ ಪುಸ್ತಕವನ್ನು ತೆರೆದು, ಮೊದಲು ಕಣ್ಣಿಗೆ ಬಿದ್ದ ಭಾಗವನ್ನು ಓದಿದರು. ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದ ಕೊನೆಯ ವಾಕ್ಯಗಳವು. ಮುಂದೆ ಓದಲಿಲ್ಲ, ಓದುವ ಅಗತ್ಯವೂ ಕಾಣಲಿಲ್ಲ. ಆ ಜಾಗಕ್ಕೆ ಗುರುತಿಟ್ಟು ಪುಸ್ತಕ ಮುಚ್ಚಿದರು. ಜೊತೆಗಿದ್ದ ಗೆಳೆಯ ಅಲಿಪಿಯಸ್, ಎಲ್ಲಿ ಓದಿದೆ ತೋರಿಸು ಎಂದು ಕೇಳಿ ಅದರ ಮುಂದಿನ ಮಾತನ್ನು ಓದಿದರು. ವಿಶ್ವಾಸದಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಬೇಕೆಂಬ ಆ ಮಾತು ತಮಗೇ ಹೇಳಿದ್ದೆಂದು ಅವರು ತೆಗೆದುಕೊಂಡರು. ಮರುವರ್ಷ ಪಾಸ್ಕ ಹಬ್ಬದಲ್ಲಿ ಇಬ್ಬರಿಗೂ ಜ್ಞಾನಸ್ನಾನವಾಯಿತು. ಇಬ್ಬರೂ ಸೇರಿ ಅಂದು ಓದಿದ್ದು ಕೆಲವೇ ಸಾಲುಗಳನ್ನು.

ಎರಡನೆಯದು ಸಂತ ಬೆನೆಡಿಕ್ಟರದು. 6ನೇ ಶತಮಾನದಲ್ಲಿ ತಮ್ಮ ಮಠವಾಸಿಗಳಿಗೆ ಅವರು ಬರೆದ ನಿಯಮಾವಳಿಯ 48ನೇ ಅಧ್ಯಾಯ, ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಸ್ತಕ ಕೊಡಬೇಕೆಂದು ವಿಧಿಸುತ್ತದೆ. ಅದನ್ನು ಅವನು ಮೊದಲಿನಿಂದ ಕೊನೆಯವರೆಗೆ, ಕ್ರಮವಾಗಿ, ಪೂರ್ತಿ ಓದಬೇಕು. ಅಷ್ಟೇ ಅಲ್ಲ, ಓದಿನ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಮಠವನ್ನು ಸುತ್ತಿ, ಯಾರಾದರೂ ಸೋಮಾರಿಯಾಗಿ ಹರಟುತ್ತಾ ತಾನೂ ಕೆಟ್ಟು ಪಕ್ಕದವನನ್ನೂ ಕೆಡಿಸುತ್ತಿದ್ದಾನೆಯೇ ಎಂದು ನೋಡಬೇಕು. ಮಠದಲ್ಲಿದ್ದವರಿಗೂ ನಮ್ಮ ರೋಗವೇ ಇತ್ತೆಂದು ತಿಳಿದು ಸ್ವಲ್ಪ ಸಮಾಧಾನವಾಗುತ್ತದೆ!

ಒಬ್ಬರು ಕೆಲವು ಸಾಲಿಗೆ ಪುಸ್ತಕ ಮುಚ್ಚಿದರು. ಇನ್ನೊಬ್ಬರು ಪೂರ್ತಿ ಮುಗಿಸದೆ ಮುಚ್ಚಬಾರದೆಂದರು. ನಾವು ಯಾರನ್ನು ಅನುಸರಿಸಬೇಕು?

ನಾವು ಓದನ್ನು ನಿಲ್ಲಿಸುವ ಜಾಗಗಳನ್ನು ಒಮ್ಮೆ ಗಮನಿಸಿ ನೋಡೋಣ. ಬೇಸರವಾದಾಗ ನಿಲ್ಲಿಸುತ್ತೇವೆ. ಅರ್ಥವಾಗದಿದ್ದಾಗ ನಿಲ್ಲಿಸುತ್ತೇವೆ. ಇವೆರಡನ್ನು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆದರೆ ಮೂರನೆಯ ಜಾಗವೊಂದಿದೆ: ಪುಸ್ತಕ ನಮ್ಮ ಗಂಟಿಗೆ, ನಮ್ಮ ಹಟಕ್ಕೆ, ಮಾತು ಬಿಟ್ಟಿರುವ ಅಣ್ಣನ ವಿಷಯಕ್ಕೆ ಬಂದಾಗ. ಅಲ್ಲಿ ನಿದ್ದೆ ಬರುತ್ತದೆ, ಇಲ್ಲವೇ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಸಂತ ಬೆನೆಡಿಕ್ಟರ ನಿಯಮ ಈ ಮೂರನೆಯ ಜಾಗವನ್ನು ದಾಟಿಸುವುದಕ್ಕೇ ಇದೆ ಎಂದು ನನಗೆ ಅನಿಸುತ್ತದೆ. ಪೂರ್ತಿ ಓದುವವನು ತನಗೆ ಹಿಡಿಸಿದ್ದನ್ನಷ್ಟೇ ಆರಿಸಿಕೊಳ್ಳಲಾರ. ಅಗಸ್ಟೀನರಾದರೋ ಆ ಜಾಗದಲ್ಲಿ ಮನಸ್ಸು ಕೊಟ್ಟು ನಿಂತರು. ಕೇಳಿದ್ದನ್ನು ಮಾಡುವ ಹೊತ್ತು ಬಂದಿದ್ದರಿಂದ ಮುಚ್ಚಿದರು. ಅದಕ್ಕೂ ಮುನ್ನ, 18-19ರ ಪ್ರಾಯದಲ್ಲಿ ಸಿಸೆರೋನ ಗ್ರಂಥವೊಂದು ಜ್ಞಾನದ ಹಂಬಲ ಹತ್ತಿಸಿದಂದಿನಿಂದ, ಹತ್ತಾರು ವರ್ಷ ಅವರು ಓದುತ್ತಲೇ ಇದ್ದರೆಂಬುದನ್ನು ಮರೆಯಬಾರದು. ಉಳದ ನೆಲದಲ್ಲಿ ಆ ಬೀಜ ಬಿದ್ದಿರಲಿಲ್ಲ.

ಓದುವಾಗ ನಮ್ಮೊಳಗೆ ಏನಾಗುತ್ತದೆ ಎಂಬುದನ್ನು ಲೊಯೋಲದ ಸಂತ ಇಗ್ನೇಷಿಯಸರಷ್ಟು ಎಚ್ಚರದಿಂದ ನೋಡಿದವರು ವಿರಳ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಮನೆಯಲ್ಲಿ ಹಾಸಿಗೆ ಹಿಡಿದಾಗ ಹೊತ್ತು ಕಳೆಯಲು ಅವರು ಕೇಳಿದ್ದು ಯೋಧರ ಸಾಹಸ ಮತ್ತು ಪ್ರೇಮದ ಕಥೆಗಳನ್ನು. ಆ ಮನೆಯಲ್ಲಿ ಅಂಥ ಒಂದು ಪುಸ್ತಕವೂ ಸಿಗಲಿಲ್ಲ. ಕ್ರಿಸ್ತರ ಜೀವನಚರಿತ್ರೆ, ಸಂತರ ಚರಿತ್ರೆ, ಇವಷ್ಟನ್ನೇ ತಂದುಕೊಟ್ಟರು. ಬೇರೆ ಗತಿಯಿಲ್ಲದೆ ಓದಿದರು. ಓದಿದ್ದನ್ನೇ ಮತ್ತೆ ಓದಿದರು. ನಡುನಡುವೆ ಪುಸ್ತಕ ಇಟ್ಟು ಯೋಚಿಸುತ್ತಾ ಮಲಗುವರು. ಕೆಲವೊಮ್ಮೆ ಯೋಚನೆ ಒಬ್ಬ ಕುಲೀನ ಮಹಿಳೆಯ ಸೇವೆ ಮಾಡುವ ಕನಸಿಗೆ ಹೋಗಿ ಗಂಟೆಗಳು ಉರುಳುತ್ತಿದ್ದವು. ಕೆಲವೊಮ್ಮೆ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ತಾನೂ ಬಾಳಿದರೆ ಹೇಗೆ ಎಂಬ ಕಡೆಗೆ ಹೊರಳುತ್ತಿತ್ತು. ಯೋಚಿಸುವಾಗ ಎರಡೂ ಹಿತವಾಗಿಯೇ ಇರುತ್ತಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿರುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವರಿಗೆ ಥಟ್ಟನೆ ಹೊಳೆಯಿತು. ಮುಂದೆ ಲಕ್ಷಾಂತರ ಜನರನ್ನು ನಡೆಸಿದ ಅವರ ಧ್ಯಾನಕ್ರಮದ ಬೇರು ಇಲ್ಲಿದೆ.

ಅವರು ಇನ್ನೂ ಒಂದು ಕೆಲಸ ಮಾಡಿದರು. ಓದಿದ್ದರಲ್ಲಿ ಮುಖ್ಯವೆನಿಸಿದ್ದನ್ನು ಸುಮಾರು 300 ಹಾಳೆಗಳ ಪುಸ್ತಕದಲ್ಲಿ ಕೈಯಾರೆ ಬರೆದುಕೊಂಡರು. ಕ್ರಿಸ್ತರ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಳ ಮಾತುಗಳಿಗೆ ನೀಲಿ ಶಾಯಿ. ಬರೆಯುವ ಕೈ ಕಣ್ಣಿನಷ್ಟು ಬೇಗ ಓಡಲಾರದು. ಅದು ನಿಧಾನವಾದಾಗ ಮನಸ್ಸೂ ಕಾಯಲೇಬೇಕಾಗುತ್ತದೆ. ಚಂಚಲ ಮನಸ್ಸಿನವರಿಗೆ ಇದಕ್ಕಿಂತ ಅಗ್ಗದ ಮದ್ದನ್ನು ನಾನು ಕಂಡಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು. ಎರಡು ಬಣ್ಣದ ಶಾಯಿ ಬೇಕೇಬೇಕೆಂದೇನೂ ಇಲ್ಲ.

ಓದಿದ್ದನ್ನು ಮನಸ್ಸಿನಲ್ಲಿ ತಿರುಗಿಸುವುದಕ್ಕೆ ಹಳೆಯ ಮಠಗಳವರು ದನ ಮೆಲುಕು ಹಾಕುವುದನ್ನು ಹೋಲಿಸಿದರು. ಈ ಹೋಲಿಕೆಯನ್ನು ಕನ್ನಡದವರಿಗೆ ಯಾರೂ ವಿವರಿಸಬೇಕಾಗಿಲ್ಲ, ನಾವು ನೆನಪುಗಳನ್ನೂ ಮೆಲುಕು ಹಾಕುವವರು. ಹಸು ಮೇಯುವುದು ಬಯಲಿನಲ್ಲಿ, ಮೆಲುಕು ಹಾಕುವುದು ಕೊಟ್ಟಿಗೆಯಲ್ಲಿ ಮಲಗಿ. ಪುಸ್ತಕ ಮುಚ್ಚಿದ ಮೇಲಿನ ಹೊತ್ತನ್ನು, ಅಂದರೆ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಸಿಗುವ ಹೊತ್ತನ್ನು, ಓದಿನ ಲೆಕ್ಕಕ್ಕೆ ಸೇರಿಸದಿರುವುದರಿಂದಲೇ ನಮಗೆ ಓದಲು ಸಮಯ ಸಿಗುತ್ತಿಲ್ಲವೇನೋ.

"ಓದಿದ್ದೇನೂ ನೆನಪಿರುವುದಿಲ್ಲ" ಎಂಬ ಕೊರಗು, ಅದರಲ್ಲೂ ವಯಸ್ಸಾದವರದು, ಆಗಾಗ ಕಿವಿಗೆ ಬೀಳುತ್ತದೆ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಕಥೆಗಳಲ್ಲಿಯೂ ಹೀಗೆ ಕೊರಗಿದವನೊಬ್ಬ ಬರುತ್ತಾನೆ. ಹಿರಿಯರು ಅವನ ಮುಂದೆ ಎರಡು ಖಾಲಿ ಪಾತ್ರೆಗಳನ್ನಿಟ್ಟು, ಒಂದಕ್ಕೆ ಎಣ್ಣೆ ಸುರಿದು ಚೆಲ್ಲಿಬಿಡು ಎಂದರು. ಹಲವು ಸಲ ಹಾಗೆ ಮಾಡಿಸಿ, ಈಗ ಯಾವುದು ಸ್ವಚ್ಛವಾಗಿದೆ ನೋಡು ಎಂದು ಕೇಳಿದರು. ಎರಡರಲ್ಲೂ ಎಣ್ಣೆ ಇರಲಿಲ್ಲ. ಆದರೆ ಸುರಿದು ಚೆಲ್ಲಿದ್ದು ಹೆಚ್ಚು ಸ್ವಚ್ಛವಾಗಿತ್ತು.

ಕೊನೆಗೆ ಮನೆಯವರೆಲ್ಲರಿಗೂ ಸೇರಿದ ಒಂದು ಮಾತು. ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ತುಟಿ ಅಲುಗಿಸದೆ ಮೌನವಾಗಿ ಓದುತ್ತಿದ್ದುದನ್ನು ಅಗಸ್ಟೀನರು ಬೆರಗಿನಿಂದ ಬರೆದಿದ್ದಾರೆ. ಅವರ ಕೋಣೆಗೆ ಯಾರು ಬೇಕಾದರೂ ಬರಬಹುದಿತ್ತು. ಬಂದವರು ಅವರು ಓದುತ್ತಿರುವುದನ್ನು ಕಂಡು ಬಹಳ ಹೊತ್ತು ಸುಮ್ಮನೆ ಕುಳಿತು, ತೊಂದರೆ ಕೊಡಲು ಮನಸ್ಸಾಗದೆ ಎದ್ದು ಹೋಗುತ್ತಿದ್ದರು. ಅಂಬ್ರೋಸರ ಏಕಾಗ್ರತೆಯಲ್ಲಿ ಹಾಗೆ ಎದ್ದು ಹೋದವರ ಪಾಲೂ ಇತ್ತು. ನಮ್ಮ ಮನೆಗಳಲ್ಲಿ ಪರೀಕ್ಷೆಗೆ ಓದುವ ಮಗನಿಗೆ ಈ ಮರ್ಯಾದೆ ಸಿಗುತ್ತದೆ. ಅವನಿಗಾಗಿ ಟಿವಿ ಕೂಡ ಮೌನ ವಹಿಸುತ್ತದೆ. ಅಮ್ಮ ಪುಸ್ತಕ ಹಿಡಿದರೆ? "ಅಮ್ಮ ಸುಮ್ಮನೆ ಕೂತಿದ್ದಾಳಲ್ಲ" ಎಂದು ಒಬ್ಬರಿಗೆ ನೀರು, ಒಬ್ಬರಿಗೆ ಕಾಲುಚೀಲ, ಒಬ್ಬರಿಗೆ ಚಹಾ. ಅವಳು ಒಂದೇ ಪುಟವನ್ನು ಮೂರು ಸಲ ಓದುವುದಕ್ಕೆ ಅವಳ ಮನಸ್ಸಿನ ಚಂಚಲತೆಯೇ ಕಾರಣವೆಂದು ಹೇಳಿದರೆ ಅನ್ಯಾಯವಾಗುತ್ತದೆ. ರಾತ್ರಿ ಜಪಸರ ಮುಗಿದ ಮೇಲೆ ಅವಳಿಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದು ಕಷ್ಟವೇನಲ್ಲ. ನೀರಿನ ಹೂಜಿ ಎಲ್ಲಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.