ವೇದಿಕೆಯ ಸಮಾನತೆ, ಹೊಸ್ತಿಲ ಸಮಾನತೆ

ಕೆಲವು ವರ್ಷಗಳ ಹಿಂದಿನ ಮಾತು. ಗೋಕಾಕದಲ್ಲಿ ಒಂದು ಸಾಂಸ್ಕೃತಿಕ ಉತ್ಸವ ನಡೆದಿತ್ತು. ಡೊಳ್ಳು ಆಯಿತು, ಶ್ರೀಕೃಷ್ಣ ಪಾರಿಜಾತದ ಪದಗಳಾದವು. ಕೊನೆಗೆ ಹಳಿಯಾಳದ ಕಡೆಯಿಂದ ಬಂದ ಸಿದ್ದಿ ಕಲಾವಿದರು ಡಮಾಮಿ ಬಾರಿಸುತ್ತಾ ವೇದಿಕೆಗೆ ಬಂದರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟ ಜನರ ಮೊಮ್ಮಕ್ಕಳು ಅವರು. ನಿರೂಪಕರು 'ಇವರೂ ನಮ್ಮವರೇ, ಕನ್ನಡದ ಮಕ್ಕಳೇ' ಎಂದಾಗ ಇಡೀ ಮೈದಾನ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ಮೂಡಲಗಿಯಿಂದ ಬಂದಿದ್ದ ನನ್ನ ಮಾಮು ಕುಳಿತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆಂದು ತಿಳಿದಾಗ ಅವರಿಗೆ ಇನ್ನಷ್ಟು ಹೆಮ್ಮೆ. ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು.

ಹಾಡು ಕುಣಿತಗಳ ಕುರಿತ ಧಾರ್ಮಿಕ ಚರ್ಚೆ ಇಲ್ಲಿ ಬೇಡ. ನಾನು ಹೇಳಬೇಕಾಗಿರುವುದು ಆ ಚಪ್ಪಾಳೆಯ ಕುರಿತು.

ಅದಾಗಿ ಎರಡು ತಿಂಗಳು ಕಳೆದಿರಲಿಲ್ಲ. ಹುಕ್ಕೇರಿ ತಾಲೂಕಿನಲ್ಲಿ ನಾನು ಕೆಲಸ ಮಾಡುವ ಊರಿನ ಮಸೀದಿಗೆ ಒಬ್ಬ ಸಿದ್ದಿ ಯುವಕ ಬರುತ್ತಿದ್ದ. ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಫಜ್ರ್ ನಮಾಝಿಗೂ ಮೊದಲ ಸಾಲಿನಲ್ಲಿ ಇರುತ್ತಿದ್ದ. ಮಿತಭಾಷಿ, ದುಶ್ಚಟಗಳಿಲ್ಲ. ಒಮ್ಮೆ ಮಾತಿಗೆ ಮಾತು ಬಂದಾಗ ಹೇಳಿದ್ದ: "ಊರು ಯಾವುದು ಅಂತಾರ ಸರ. ಹಳಿಯಾಳ ಅಂದ್ರ, ಅದಲ್ಲೋ, ಖರೇ ಊರು ಯಾವುದು ಅಂತಾರ. ನಮ್ಮಜ್ಜನ ಕಬರಸ್ತಾನ ಅಲ್ಲೇ ಐತಿ. ಇನ್ನ್ಯಾವ ಊರು ಹೇಳ್ಲಿ?" ಈ ಯುವಕನಿಗಾಗಿ ಮಸೀದಿಯ ಹಿರಿಯರೊಬ್ಬರು ನನ್ನ ಮಾಮುವಿನ ಮಗಳ ಪ್ರಸ್ತಾಪ ತಂದರು.

ಮನೆಯಲ್ಲಿ ಮೌನ ಕವಿಯಿತು. ಬಳಿಕ ಮಾತುಗಳು ಒಂದೊಂದಾಗಿ ಹೊರಬಂದವು. ಹುಡುಗ ಒಳ್ಳೆಯವನು, ಆದರೆ ನಾಲ್ಕು ಜನ ಏನನ್ನುತ್ತಾರೆ? ಮುಂದೆ ಹುಟ್ಟುವ ಮಕ್ಕಳು ಹೇಗಿರುತ್ತಾರೆ? ಅವರ ಕೂದಲು, ಅವರ ಬಣ್ಣ? ಅವರಿಗೆ ಹೆಣ್ಣು ಕೊಡುವವರಾರು? ಕೊನೆಗೆ ಎಲ್ಲರೂ ನನ್ನತ್ತ ತಿರುಗಿದರು. "ನೀನು ಮದ್ರಸದಲ್ಲಿ ಕಲಿತವನು. ಶರೀಅತ್ ಏನು ಹೇಳುತ್ತದೆ ಹೇಳು," ಎಂದರು ಮಾಮು. ನಾನು ಹೇಳಿದೆ: "ನಿಕಾಹ್‌ನಲ್ಲಿ ಕುಫೂ ನೋಡಬೇಕೆಂದು ಫಿಕ್ಹ್ ಗ್ರಂಥಗಳಲ್ಲಿದೆ." ಮನೆಯವರಿಗೆ ಅಷ್ಟೇ ಸಾಕಾಯಿತು. ಪ್ರಸ್ತಾಪ ಹಿಂದಕ್ಕೆ ಹೋಯಿತು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಸತ್ಯವನ್ನು ಹೇಳಿ ಉಳಿದರ್ಧವನ್ನು ನುಂಗಿದ್ದೆ. ಅದನ್ನು ಈ ಲೇಖನದಲ್ಲಾದರೂ ಹೇಳಬೇಕಾಗಿದೆ.

ಚಪ್ಪಾಳೆ ಎಲ್ಲಿ ನಿಲ್ಲುತ್ತದೆ?

ಅಮೆರಿಕದಲ್ಲಿ 2004ರಿಂದ ಪ್ರತಿ ವರ್ಷ ಜೂನ್ 12ರ ಸುಮಾರಿಗೆ ಜನರು ಸೇರಿ ಒಂದು ದಿನಾಚರಣೆ ನಡೆಸುತ್ತಾರೆ. ಬೇರೆ ಬೇರೆ ಜನಾಂಗಗಳ ದಂಪತಿಗಳು, ಅವರ ಮಕ್ಕಳು ಕೂಡುವ ದಿನ ಅದು. ಅದರ ಹಿಂದೆ ಒಂದು ನೋವಿನ ಚರಿತ್ರೆಯಿದೆ. ವರ್ಜೀನಿಯಾ ರಾಜ್ಯದ ರಿಚರ್ಡ್ ಲವಿಂಗ್ ಬಿಳಿಯ, ಅವನ ಪತ್ನಿ ಮಿಲ್ಡ್ರೆಡ್ ಬಿಳಿಯಳಲ್ಲ. 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಒಂದು ರಾತ್ರಿ ಪೊಲೀಸರು ಅವರ ಮಲಗುವ ಕೋಣೆಗೇ ನುಗ್ಗಿ ಬಂಧಿಸಿದರು. 25 ವರ್ಷ ರಾಜ್ಯ ಬಿಟ್ಟು ಹೋಗಿ, ಇಲ್ಲವಾದರೆ ಒಂದು ವರ್ಷ ಸೆರೆವಾಸ ಎಂದಿತು ನ್ಯಾಯಾಲಯ. 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಅಂತಹ ಕಾನೂನುಗಳನ್ನು ಅಸಿಂಧುವೆಂದು ಘೋಷಿಸಿತು. ಆಗಲೂ 16 ರಾಜ್ಯಗಳಲ್ಲಿ ಅಂತಹ ಕಾನೂನು ಉಳಿದಿತ್ತು. ಅಲಬಾಮಾದ ಸಂವಿಧಾನದಿಂದ ಆ ನಿಷೇಧದ ಅಕ್ಷರಗಳು ಅಳಿದದ್ದು 2000ದಲ್ಲಿ.

ಅದೇ ರಾಜ್ಯಗಳಲ್ಲಿ ಬಿಳಿಯರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು, ಅವರ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದವರು ಕರಿಯ ಮಹಿಳೆಯರೇ. ಅವರು ಬೇಯಿಸಿದ ಅನ್ನ ಬೇಕಿತ್ತು, ಅವರ ಸಂಗೀತ ಬೇಕಿತ್ತು. ಮದುವೆಯ ಮಾತು ಬಂದ ಕೂಡಲೇ ಎದುರಿಗೆ ಸೆರೆಮನೆ ನಿಲ್ಲುತ್ತಿತ್ತು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ನೆರೆಮನೆಯ ಲಿಂಗಾಯತ ಬಂಧುಗಳ ಪರಂಪರೆಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯಿದೆ. ಬಸವಣ್ಣನವರ ಸುತ್ತ ಎಲ್ಲ ಕಾಯಕದವರು ಒಟ್ಟಿಗೆ ಕುಳಿತರು, ಒಟ್ಟಿಗೆ ಉಂಡರು. ಅರಮನೆ ಅದನ್ನು ಹೇಗೋ ಸಹಿಸಿತು. ಆದರೆ ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತೆಂದು ಪರಂಪರೆ ಹೇಳುತ್ತದೆ. ಕಲ್ಯಾಣ ಹೊತ್ತಿ ಉರಿದದ್ದು ಆಗಲೇ.

ಮನುಷ್ಯರು ಒಂದೇ ಎಂಬ ಮಾತನ್ನು ಸಮಾಜವು ಸಭೆಯಲ್ಲಿ ಒಪ್ಪುತ್ತದೆ, ಮನೆಯ ಹೊಸ್ತಿಲಿಗೆ ಬಂದಾಗ ಕೋಪಗೊಳ್ಳುತ್ತದೆ. ಆದುದರಿಂದ ಆ ಮಾತು ಸತ್ಯವೋ ಬರೀ ಅಲಂಕಾರವೋ ಎಂಬುದರ ಪರೀಕ್ಷೆ ಹೊಸ್ತಿಲಲ್ಲೇ ನಡೆಯಬೇಕು.

ಸಿದ್ದಿಗಳಿಗೆ ನಾವು ಏನು ಕೊಟ್ಟೆವು?

ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಜನರಲ್ಲಿ ಹಲವರು ಗೋವಾದಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಮತ್ತು ನಮ್ಮ ಜಿಲ್ಲೆಯದೇ ಆದ ಖಾನಾಪುರದಲ್ಲಿ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರ ತನಕ ಕಾಯಬೇಕಾಯಿತು.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡವು. ಅವರ ಮಕ್ಕಳು ನಾಟಕ, ಸಿನಿಮಾಗಳಲ್ಲಿ ಹೆಸರು ಗಳಿಸಿದರು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಗಮನಿಸಿ: ನಾವು ಅವರ ಕಾಲುಗಳನ್ನು ಮೆಚ್ಚಿದೆವು, ಅವರ ಕೈಗಳನ್ನು ಮೆಚ್ಚಿದೆವು, ಅವರ ಕುಣಿತವನ್ನು ಮೆಚ್ಚಿದೆವು. ಅವರನ್ನು ಬೀಗರನ್ನಾಗಿ ಮಾಡಿಕೊಂಡೆವೇ?

'ಹಿಂದಿನಿಂದಲೂ ಹೀಗೆಯೇ' ಎನ್ನುವವರಿಗೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹುಕ್ಕೇರಿಯ ಗುಮ್ಮಟಗಳು ಆದಿಲ್‌ಶಾಹಿ ಕಾಲದವು. ಆ ಬಿಜಾಪುರದ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಅಧಿಕಾರಿ ಬಹು ಪ್ರಬಲನಾಗಿದ್ದ. ಅಹ್ಮದನಗರದಲ್ಲಿ, ಇಥಿಯೋಪಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಮಾರಲ್ಪಟ್ಟ ಮಲಿಕ್ ಅಂಬರ್ (ಮರಣ 1626) ರಾಜ್ಯವನ್ನೇ ಆಳಿದ. ತನ್ನ ಮಗಳನ್ನು ನಿಜಾಮ್‌ಶಾಹಿ ವಂಶದ ಮುರ್ತಝಾನಿಗೆ ಕೊಟ್ಟು ಅವನನ್ನು ಗದ್ದುಗೆಯಲ್ಲಿ ಕೂರಿಸಿದ. ಅಂದು ಸುಲ್ತಾನರ ಮನೆಗೆ ಸಲ್ಲುತ್ತಿದ್ದ ಬಣ್ಣ ಇಂದು ನಮ್ಮ ಹಂಚಿನ ಮನೆಗೆ ಸಲ್ಲದೇ? ಹಾಗಾದರೆ ನಮ್ಮ ಅಡ್ಡಿ ಬಣ್ಣಕ್ಕೋ, ಬಡತನಕ್ಕೋ?

ಕಅಬಾದ ಛಾವಣಿಯಿಂದ ಮನೆಯ ಒಳಗೆ

ಮಕ್ಕಾ ವಿಜಯದ ದಿನ ಪ್ರವಾದಿ(ಸ)ಯವರು ಹ. ಬಿಲಾಲ್(ರ)ರನ್ನು ಕಅಬಾದ ಮೇಲೇರಿ ಅಝಾನ್ ಕೊಡಲು ಹೇಳಿದರು. ಕುರೈಶರ ಕೆಲವರಿಗೆ ಅದನ್ನು ನೋಡಲಾಗಲಿಲ್ಲ. ಮಾನವರೆಲ್ಲ ಒಂದು ಗಂಡು, ಒಂದು ಹೆಣ್ಣಿನಿಂದ ಬಂದವರು, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಹಿರಿಮೆ ದೇವಭಯವೊಂದಕ್ಕೇ ಎಂದು ಸಾರುವ ಸೂರಃ ಅಲ್ ಹುಜುರಾತ್‌ನ ಸೂಕ್ತ ಆ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಈ ಕಥೆಯನ್ನು ನಾವೆಲ್ಲ ಬಲ್ಲೆವು. ನಾನಂತೂ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ.

ಆದರೆ ಪ್ರವಾದಿ(ಸ)ಯವರು ಸಮಾನತೆಯನ್ನು ಕಅಬಾದ ಛಾವಣಿಯ ಮೇಲೆಯೇ ಬಿಡಲಿಲ್ಲ, ಮನೆಯೊಳಕ್ಕೂ ತಂದರು. ತಮ್ಮನ್ನು ಎತ್ತಿ ಆಡಿಸಿದ ಅಬಿಸೀನಿಯಾದ ಉಮ್ಮು ಐಮನ್(ರ)ರನ್ನು ತಾಯಿಯಂತೆ ಕಂಡರು. ಅವರಿಗೂ ಅರಬ್ ಮೂಲದ ಝೈದ್(ರ)ರಿಗೂ ಮದುವೆಯಾಗಿ ಉಸಾಮಾ(ರ) ಹುಟ್ಟಿದರು. ತಂದೆ ಬಿಳಿ, ಮಗ ಕಪ್ಪು. ಜನರು ಉಸಾಮಾರ ಹುಟ್ಟಿನ ಬಗ್ಗೆ ಗುಸುಗುಸು ಮಾತಾಡಿದರು. ಒಮ್ಮೆ ತಂದೆ ಮಗ ಹೊದ್ದು ಮಲಗಿದ್ದಾಗ, ಅಂಗಲಕ್ಷಣ ಬಲ್ಲವನೊಬ್ಬ ಅವರ ಪಾದಗಳನ್ನಷ್ಟೇ ನೋಡಿ ಇವು ಒಂದೇ ರಕ್ತದವು ಎಂದ. ಆಗ ಪ್ರವಾದಿ(ಸ)ಯವರ ಮುಖ ಸಂತೋಷದಿಂದ ಬೆಳಗಿತೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಬಣ್ಣದ ಮಾತು ಒಂದು ಮಗುವನ್ನು ಎಷ್ಟು ಚುಚ್ಚುತ್ತದೆ ಎಂಬುದನ್ನು ಆ ಕರುಣಾಳು ಹೃದಯ ಬಲ್ಲುದಾಗಿತ್ತು.

ಅದೇ ಉಸಾಮಾ ಇಪ್ಪತ್ತು ತುಂಬುವ ಮೊದಲೇ ಸೇನಾಪತಿಯಾದರು. ಕುರೈಶ್ ಕುಲದ ಫಾತಿಮಾ ಬಿಂತ್ ಕೈಸ್(ರ)ರಿಗೆ ಎರಡು ಪ್ರತಿಷ್ಠಿತ ಸಂಬಂಧಗಳು ಬಂದಾಗ, ಉಸಾಮಾರನ್ನು ಮದುವೆಯಾಗುವಂತೆ ಪ್ರವಾದಿ(ಸ)ಯವರು ಸಲಹೆಯಿತ್ತರು. ಆಕೆಗೆ ಮೊದಲು ಮನಸ್ಸಾಗಲಿಲ್ಲ. ಪ್ರವಾದಿ(ಸ)ಯವರು ಮತ್ತೆ ಹೇಳಿದರು, ಆಕೆ ಒಪ್ಪಿದರು. ಆ ದಾಂಪತ್ಯದಲ್ಲಿ ಇತರರು ಅಸೂಯೆ ಪಡುವಷ್ಟು ಒಳಿತನ್ನು ಕಂಡೆನೆಂದು ಆಮೇಲೆ ಆಕೆಯೇ ಹೇಳಿದರು.

ನಾನು ನುಂಗಿದ ಅರ್ಧ ಸತ್ಯ

ಈಗ ಕುಫೂವಿನ ಮಾತು. ಇಮಾಮ್ ಮಾಲಿಕ್(ರ)ರವರು ಮುಖ್ಯವಾಗಿ ನೋಡಿದ್ದು ಧರ್ಮನಿಷ್ಠೆಯನ್ನು. ಹನಫೀ ಗ್ರಂಥಗಳಲ್ಲಿ ವಂಶದ ಮಾತಿದೆ, ನಿಜ. ಆದರೆ ಅದೇ ಗ್ರಂಥಗಳು ವಂಶದ ಲೆಕ್ಕ ಅರಬರಿಗೆ ಮಾತ್ರವೆಂದೂ ಅರಬರಲ್ಲದವರಿಗೆ ಅನ್ವಯಿಸುವುದಿಲ್ಲವೆಂದೂ ಹೇಳುತ್ತವೆ. ಘಟಪ್ರಭೆಯ ನೀರು ಕುಡಿದು ಬೆಳೆದ ಬಾಗವಾನ, ನದಾಫ, ಜಮಾದಾರರಾದ ನಾವು ಯಾವ ಅರಬರು? ಎರಡನೆಯದಾಗಿ, ಕುಫೂ ಎಂಬುದು ಹೆಣ್ಣಿಗೆ ಹಾಗೂ ಅವಳ ವಲೀಗೆ ಇರುವ ಹಕ್ಕು. ಹೊಸ ಮನೆಯಲ್ಲಿ ಅವಳು ಕಷ್ಟಪಡಬಾರದೆಂಬುದು ಅದರ ಉದ್ದೇಶ. ಅವರಿಬ್ಬರೂ ಒಪ್ಪಿದರೆ ನಿಕಾಹ್‌ಗೆ ಯಾವ ಅಡ್ಡಿಯೂ ಇಲ್ಲ. ಮೂರನೆಯದಾಗಿ, ಚರ್ಮದ ಬಣ್ಣವನ್ನು ಕುಫೂವಿನಲ್ಲಿ ಎಣಿಸಿದ್ದನ್ನು ನಾನು ಓದಿದ ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಇವೆಲ್ಲ ನನಗೆ ಅಂದೂ ಗೊತ್ತಿತ್ತು. ಹೆಣ್ಣಿನ ರಕ್ಷಣೆಗೆಂದು ಇಟ್ಟ ಹಕ್ಕನ್ನು ಹೆಣ್ಣನ್ನು ಕೇಳದೆಯೇ ನಮ್ಮ ಅಹಂಕಾರದ ರಕ್ಷಣೆಗೆ ಬಳಸಿದೆವು. ಅದಕ್ಕೆ ಗ್ರಂಥದ ಹೊದಿಕೆ ಹೊದಿಸಿದವನು ನಾನು.

ಒಂದು ತಿಂಗಳ ಬಳಿಕ ಮೂಡಲಗಿಗೆ ಹೋಗಿದ್ದೆ. ಚಹಾ ತಂದ ಹುಡುಗಿ ಲೋಟ ಇಡುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು: "ಭಾಯಿ, ಚಿಕ್ಕವಳಿದ್ದಾಗ ಬಿಲಾಲರ ಪಾಠ ನೀವೇ ನನಗೆ ಹೇಳಿಕೊಟ್ಟಿದ್ದಿರಿ." ಅಷ್ಟೇ. ನನ್ನ ಬಳಿ ಉತ್ತರವಿರಲಿಲ್ಲ. ಅವಳು ಆ ಯುವಕನನ್ನು ಬಯಸಿದ್ದಳೆಂದು ಅದರ ಅರ್ಥವಲ್ಲ. ಅವಳನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಇಂದು ಅವಳು ಬೇರೆಡೆ ಮದುವೆಯಾಗಿ ಚೆನ್ನಾಗಿದ್ದಾಳೆ. ಅವನೂ ತನ್ನ ಊರ ಕಡೆ ಸಂಸಾರ ಹೂಡಿದ್ದಾನೆ. ಅಲ್‌ಹಮ್ದುಲಿಲ್ಲಾಹ್. ಪರಿಣಾಮ ಒಳ್ಳೆಯದಾಯಿತೆಂದು ನಮ್ಮ ತಪ್ಪು ಸರಿಯಾಗುವುದಿಲ್ಲ.

ಹಾಗಾದರೆ ಬೆರಕೆಯೇ ಪುಣ್ಯವೇ? ಬೇರೆ ಬಣ್ಣದವರನ್ನು ಮದುವೆಯಾದವರೆಲ್ಲ ದೊಡ್ಡವರೇ? ಹಾಗೇನೂ ಅಲ್ಲ. ಶುದ್ಧ ರಕ್ತದ ಹೆಮ್ಮೆ ಹೇಗೆ ಪೊಳ್ಳೋ, ಬೆರೆತ ರಕ್ತದ ಹೆಮ್ಮೆಯೂ ಹಾಗೆಯೇ ಪೊಳ್ಳು. ಎರಡೂ ಮನುಷ್ಯನನ್ನು ಅವನ ರಕ್ತದಿಂದಲೇ ಅಳೆಯುತ್ತವೆ. ಬಣ್ಣ, ಭಾಷೆಗಳ ಭಿನ್ನತೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತವೆನ್ನುತ್ತದೆ. ದೃಷ್ಟಾಂತವಿರುವುದು ಅರಿಯುವುದಕ್ಕೆ, ಅಂಕ ಕೊಡುವುದಕ್ಕಲ್ಲ. ನಿಕಾಹ್‌ನ ಕಟ್ಟುಪಾಡುಗಳು, ವಿಶ್ವಾಸದ ನಿಯಮಗಳು ಒಂದೇ ಬಣ್ಣದವರಿಗೆ ಹೇಗೋ ಬೇರೆ ಬಣ್ಣದವರಿಗೂ ಹಾಗೆಯೇ. ಆದರೆ ಶತಮಾನಗಳ ಕಾಲ ತಲೆ ತಗ್ಗಿಸಿದ ಮಗುವೊಂದು ಒಂದು ದಿನ ವೇದಿಕೆಯ ಮೇಲೆ ತಲೆ ಎತ್ತಿ ನಿಂತರೆ ನಾವು ಆಕ್ಷೇಪಿಸುವುದು ತರವಲ್ಲ. ಅವಮಾನವಿರುವಲ್ಲಿ ಉತ್ಸವದ ಅಗತ್ಯ ಬೀಳುತ್ತದೆ. ಅವಮಾನವನ್ನು ಮನೆಯಲ್ಲಿ ನಿಲ್ಲಿಸದೆ ಉತ್ಸವದಲ್ಲಿ ಚಪ್ಪಾಳೆ ತಟ್ಟುವುದು ಮಾತ್ರ ಕಪಟ.

ಹ. ಅಬೂಝರ್(ರ) ಒಮ್ಮೆ ಸಿಟ್ಟಿನಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆ ಎಂದು ಪ್ರವಾದಿ(ಸ)ಯವರು ಎಚ್ಚರಿಸಿದರು. ಅಬೂಝರ್ ಎಂತಹ ದೊಡ್ಡ ಸಹಾಬಿ! ಅವರಲ್ಲೇ ಅದು ಉಳಿದಿದ್ದರೆ ನಮ್ಮಂತಹವರಲ್ಲಿ ಉಳಿದಿರುವುದು ಆಶ್ಚರ್ಯವಲ್ಲ. ಆದರೆ ಅವರು ಎಚ್ಚೆತ್ತು ತಿದ್ದಿಕೊಂಡರು.

ಓದುಗ ಬಂಧುಗಳೇ, ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಮುಂದೊಂದು ದಿನ ನನ್ನ ಮನೆಯ ಹೊಸ್ತಿಲಿಗೂ ಒಂದು ಪ್ರಸ್ತಾಪ ಬರಲಿದೆ. ಅಂದು ನಾನು ಮೊದಲು ಹುಡುಗನ ನಮಾಝ್, ನಡತೆ, ದುಡಿಮೆಗಳ ಬಗ್ಗೆ ವಿಚಾರಿಸುವೆನೋ, ಇಲ್ಲ ಅವನ ಫೋಟೋವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವೆನೋ? ಮಗಳನ್ನು ಕೇಳುವೆನೋ, ಇಲ್ಲ ನಾಲ್ಕು ಜನರನ್ನು ಕೇಳುವೆನೋ? ನೀವೂ ನಿಮ್ಮನ್ನು ಕೇಳಿಕೊಳ್ಳಿ.

ನಾಲಿಗೆಯಲ್ಲಿರುವ ಸತ್ಯವನ್ನು ಹೊಸ್ತಿಲಲ್ಲೂ ಉಳಿಸಿಕೊಳ್ಳುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.